ಭಾರಕ್ಕೆ ಸೂತ್ರ, ಎತ್ತರಕ್ಕೆ ಅಂದಾಜು

ಗಾಳಿಯಂತ್ರದ ಒಂದೇ ಒಂದು ರೆಕ್ಕೆಯನ್ನು ಹೊತ್ತು ಹೆದ್ದಾರಿಯಲ್ಲಿ ನಿಧಾನವಾಗಿ ಸಾಗುವ ಉದ್ದನೆಯ ಟ್ರೈಲರನ್ನು ಚಿತ್ರದುರ್ಗದ ಕಡೆಯ ಓದುಗರು ನೋಡಿರಬಹುದು. ವಿದ್ಯುತ್ ಕೇಂದ್ರದ ದೊಡ್ಡ ಟ್ರಾನ್ಸ್‌ಫಾರ್ಮರ್, ಕಾರ್ಖಾನೆಯ ಬಾಯ್ಲರ್, ಸೇತುವೆಯ ತೊಲೆ ಇವೂ ಅದೇ ಜಾತಿಯ ಸರಕುಗಳು. ಇಂಥವನ್ನು ಹೊತ್ತ ವಾಹನ ರಸ್ತೆಗಿಳಿಯಬೇಕಾದರೆ ವಿಶೇಷ ಪರವಾನಗಿ ಬೇಕು. ಪರವಾನಗಿ ಎಂದೊಡನೆ ನಮಗೆ ನೆನಪಾಗುವುದು ಅರ್ಜಿ, ರುಜು, ಮೊಹರು. ಆದರೆ ಆ ಕಾಗದದೊಳಗೆ ಪಿಯುಸಿ ಮಟ್ಟದ ಭೌತವಿಜ್ಞಾನ ಸಾಕಷ್ಟು ಅಡಗಿದೆ. ಅಮೆರಿಕದ ರಾಜ್ಯಗಳು ನೀಡುವ ಪರವಾನಗಿಯ ನಿಯಮಗಳನ್ನು ಇಲ್ಲಿ ಆ ದೃಷ್ಟಿಯಿಂದ ಪರಿಶೀಲಿಸೋಣ. ಅಮೆರಿಕವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿ ನಿಯಮದ ಹಿಂದಿನ ಸೂತ್ರ ಎಲ್ಲರಿಗೂ ಲಭ್ಯ. ನಿಯಮ ಸೋತಾಗ ಏನಾಯಿತೆಂಬ ತನಿಖಾ ವರದಿಯೂ ಲಭ್ಯ.

ನನ್ನ ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ. ಭಾರದ ವಿಷಯದಲ್ಲಿ ಈ ನಿಯಮಗಳು ಲೆಕ್ಕ ಹಾಕಿ ಮಾತನಾಡುತ್ತವೆ. ಎತ್ತರದ ವಿಷಯ ಬಂದೊಡನೆ ಲೆಕ್ಕವನ್ನು ಬದಿಗಿಟ್ಟು, ಹೊಣೆಯನ್ನು ಲಾರಿಯವನ ಹೆಗಲಿಗೇರಿಸುತ್ತವೆ.

ಸೇತುವೆಯ ಸೂತ್ರ

ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ವಾಹನ ಮತ್ತು ಸರಕಿನ ಒಟ್ಟು ತೂಕ 80,000 ಪೌಂಡು, ಅಂದರೆ ಸುಮಾರು 36.3 ಟನ್ ಮೀರಬಾರದು. ಒಂಟಿ ಆಕ್ಸಲ್ಲಿನ ಮೇಲೆ 20,000 ಪೌಂಡು (ಸುಮಾರು 9.1 ಟನ್), ಹತ್ತಿರ ಹತ್ತಿರ ಇರುವ ಜೋಡಿ ಆಕ್ಸಲ್ಲಿನ ಮೇಲೆ 34,000 ಪೌಂಡು (15.4 ಟನ್) ಮಿತಿ. ಅಗಲ 102 ಅಂಗುಲ, ಸುಮಾರು 2.6 ಮೀಟರು. ಎತ್ತರಕ್ಕೆ ಮಾತ್ರ ಕೇಂದ್ರ ಸರ್ಕಾರದ ಮಿತಿ ಇಲ್ಲ. ಅದನ್ನು ರಾಜ್ಯಗಳಿಗೆ ಬಿಡಲಾಗಿದೆ. ಬಹುತೇಕ ರಾಜ್ಯಗಳಲ್ಲಿ ಅದು 13.5 ಅಡಿಯಿಂದ 14.5 ಅಡಿಯ ನಡುವೆ ಇದೆ. ಈ ಮಿತಿಗಳನ್ನು ಮೀರುವ ವಾಹನ ತಾನು ಹಾಯುವ ಪ್ರತಿಯೊಂದು ರಾಜ್ಯದಿಂದಲೂ ಪರವಾನಗಿ ಪಡೆಯಬೇಕು. ಐದು ರಾಜ್ಯ ದಾಟಿದರೆ ಐದು ಪರವಾನಗಿ, ಐದು ಬಗೆಯ ಷರತ್ತು. ತೂಕದ ಮಿತಿ ಮೀರಲು ಸರಕು ಬಿಡಿಸಲಾಗದ್ದು ಎಂದೂ ತೋರಿಸಬೇಕು. ಕೇಂದ್ರದ ನಿಯಮದಲ್ಲಿ ಇದಕ್ಕೊಂದು ಸ್ವಾರಸ್ಯವಾದ ಅಳತೆಗೋಲಿದೆ: ತಕ್ಕ ಸಲಕರಣೆ ಬಳಸಿ ಬಿಡಿಸಲು 8 ಗಂಟೆಗಿಂತ ಹೆಚ್ಚು ದುಡಿಮೆ ಬೇಕಾಗುವ ಸರಕು ಬಿಡಿಸಲಾಗದ್ದು. ಏಳು ಗಂಟೆ ಏಕಲ್ಲ ಎಂದು ಕೇಳಿದರೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ!

ಭಾರದ ನಿಯಮದಲ್ಲಿ ನಿಜವಾಗಿ ಮೆಚ್ಚಬೇಕಾದದ್ದು 'ಸೇತುವೆ ಸೂತ್ರ'. ಒಟ್ಟು ತೂಕದ ಮಿತಿಯನ್ನು 80,000 ಪೌಂಡಿಗೆ ಏರಿಸಿದ 1974ರ ಕಾಯಿದೆಯೇ ಇದನ್ನೂ ತಂದಿತು. ಆಕ್ಸಲ್ಲುಗಳ ಒಂದು ಗುಂಪಿನಲ್ಲಿ ಮೊದಲನೆಯದರಿಂದ ಕೊನೆಯದಕ್ಕೆ ಇರುವ ಅಂತರ 'ಉ' ಅಡಿ, ಆಕ್ಸಲ್ಲುಗಳ ಸಂಖ್ಯೆ 'ಆ' ಎಂದಿಟ್ಟುಕೊಳ್ಳಿ. ಆ ಗುಂಪಿಗೆ ಅನುಮತಿಸಿದ ತೂಕ, ಪೌಂಡುಗಳಲ್ಲಿ:

500 × [ ಉ × ಆ ÷ (ಆ − 1) + 12 × ಆ + 36 ]

ಐದು ಆಕ್ಸಲ್ಲಿನ, 51 ಅಡಿ ಅಂತರದ ಲಾರಿಗೆ ಲೆಕ್ಕ ಹಾಕಿ. 63.75, 60 ಮತ್ತು 36 ಕೂಡಿದರೆ 159.75. ಅದನ್ನು 500ರಿಂದ ಗುಣಿಸಿದರೆ 79,875. ಹತ್ತಿರದ 500ಕ್ಕೆ ಸರಿಪಡಿಸಿದರೆ 80,000. ಈಗ ಅದೇ ಐದು ಆಕ್ಸಲ್ಲುಗಳನ್ನು 40 ಅಡಿಯೊಳಗೆ ಒತ್ತಿರಿಸಿ. ಬರುವ ಉತ್ತರ 73,000. ಚಕ್ರಗಳು ಅವೇ, ಎಂಜಿನ್ನೂ ಅದೇ. ಆದರೂ 7,000 ಪೌಂಡು ಕಡಿಮೆ ಹೊರಬೇಕು.

ಏಕೆಂಬುದನ್ನು ಕಪ್ಪುಹಲಗೆಯ ಮೇಲೆ ಎರಡು ನಿಮಿಷದಲ್ಲಿ ತೋರಿಸಬಹುದು. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ನಟ್ಟನಡುವೆ ಒಂದು ಭಾರವನ್ನಿಟ್ಟರೆ ಅದನ್ನು ಬಾಗಿಸುವ ಪ್ರಭಾವ (ಎಂಜಿನಿಯರರು ಬೆಂಡಿಂಗ್ ಮೊಮೆಂಟ್ ಎನ್ನುವುದು ಇದನ್ನೇ) ಭಾರ × ತೊಲೆಯ ಉದ್ದ ÷ 4. ಅದೇ ಭಾರವನ್ನು ತೊಲೆಯ ಉದ್ದಕ್ಕೂ ಸಮನಾಗಿ ಹರಡಿದರೆ ಗರಿಷ್ಠ ಪ್ರಭಾವ ಭಾರ × ಉದ್ದ ÷ 8. ನೇರ ಅರ್ಧ! ತೂಕ ಎಷ್ಟು ಎನ್ನುವುದರ ಜೊತೆಗೆ ಅದು ಎಷ್ಟು ಉದ್ದಕ್ಕೆ ಹರಡಿದೆ ಎನ್ನುವುದೂ ಸೇತುವೆಗೆ ಮುಖ್ಯ. ಸೂತ್ರವನ್ನು ರೂಪಿಸಿದವರು ಸುರಕ್ಷತೆಯ ಅಂತರವನ್ನೂ ಮೊದಲೇ ಗೊತ್ತುಮಾಡಿಕೊಂಡಿದ್ದರು. ಹೆದ್ದಾರಿಯ ಬಲವಾದ ಸೇತುವೆಗಳಲ್ಲಿ ಪೀಡನವು ವಿನ್ಯಾಸದ ಮಿತಿಯನ್ನು ಶೇ. 5ಕ್ಕಿಂತ, ಹಗುರ ವಿನ್ಯಾಸದ ಸೇತುವೆಗಳಲ್ಲಿ ಶೇ. 30ಕ್ಕಿಂತ ಹೆಚ್ಚು ಮೀರಬಾರದು ಎಂಬುದು ಅವರ ಗುರಿ.

ಸೂತ್ರಕ್ಕೆ ಕಾಯಿದೆಯೇ ಒಂದು ಕಿಂಡಿ ಕೊರೆದಿದೆ ಎಂಬುದನ್ನೂ ಹೇಳಬೇಕು. ಎರಡು ಜೋಡಿ ಆಕ್ಸಲ್ಲುಗಳು, ಅಂತರ 36 ಅಡಿ ಎಂದಾಗ ಸೂತ್ರದ ಉತ್ತರ 66,000 ಪೌಂಡು. ಕಾಯಿದೆ ಜೋಡಿಗೆ 34,000ದಂತೆ 68,000 ಹೊರಲು ಬಿಡುತ್ತದೆ. ಹೀಗಿದ್ದರೂ ಇಡೀ ನಿಯಮಾವಳಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ತೋರಿಸಬಯಸುವ ಭಾಗ ಇದೇ.

ಶುಲ್ಕದ ಲೆಕ್ಕ

ಸೇತುವೆ ಬಾಗುತ್ತದೆ, ರಸ್ತೆ ಸವೆಯುತ್ತದೆ. ಸವೆತಕ್ಕೆ ಬೇರೆಯೇ ನಿಯಮ. 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವ ಪಟ್ಟಣದ ಬಳಿ ಪ್ರಯೋಗಕ್ಕೆಂದೇ ರಸ್ತೆಗಳನ್ನು ಕಟ್ಟಿ, ಸೈನ್ಯದ ಚಾಲಕರಿಂದ ಲಾರಿಗಳನ್ನು ಎಡೆಬಿಡದೆ ಓಡಿಸಿದರು. ಅಲ್ಲಿಂದ ಬಂದದ್ದು ಪ್ರಸಿದ್ಧವಾದ 'ನಾಲ್ಕನೆಯ ಘಾತ'ದ ನಿಯಮ: ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಇದು ನ್ಯೂಟನ್ನನ ನಿಯಮದಂಥದ್ದಲ್ಲ, ಪ್ರಯೋಗದಿಂದ ಸಿಕ್ಕ ಅಂದಾಜು. ರಸ್ತೆಯ ಬಗೆ ಬದಲಾದರೆ ಘಾತವೂ ಬದಲಾಗುತ್ತದೆ. ಆದರೂ ಅದು ಹೇಳುವುದನ್ನು ಕೇಳಿ. ಒಂದು ಸರಕನ್ನು ಹೊರುವ ಆಕ್ಸಲ್ಲುಗಳ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಪ್ರತಿ ಆಕ್ಸಲ್ಲಿನ ಹಾನಿ ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ; ಆಕ್ಸಲ್ಲುಗಳು ಇಮ್ಮಡಿಯಾದ್ದರಿಂದ ಒಟ್ಟು ಹಾನಿ ಎಂಟರಲ್ಲಿ ಒಂದು.

ನಮ್ಮಲ್ಲಿಗೂ ಅನ್ವಯಿಸುವ ಲೆಕ್ಕ ಇದು. 2018ರಲ್ಲಿ ಭಾರತ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರದಲ್ಲಿ ಏರಿಕೆ ಶೇ. 13ರಷ್ಟು. ನಾಲ್ಕನೆಯ ಘಾತಕ್ಕೇರಿಸಿ ನೋಡಿ: ಪ್ರತಿಯೊಂದು ಓಡಾಟದ ಸವೆತ 1.6 ಪಟ್ಟು. ಓಡಾಟಗಳ ಸಂಖ್ಯೆ ಕಡಿಮೆಯಾದೀತು ಎಂಬ ಸಮಾಧಾನ ಈ ಏರಿಕೆಯ ಒಂದು ಭಾಗವನ್ನಷ್ಟೇ ಸರಿದೂಗಿಸುತ್ತದೆ.

ಹೀಗಿರುವಾಗ ಪರವಾನಗಿಯ ಶುಲ್ಕ ಆಕ್ಸಲ್ ಭಾರವನ್ನೂ ದೂರವನ್ನೂ ನೋಡಬೇಕಷ್ಟೆ? ಅಮೆರಿಕದ ಹಲವು ರಾಜ್ಯಗಳು ಒಂದು ಪ್ರಯಾಣಕ್ಕೆ ಇಂತಿಷ್ಟು ಎಂದು ಒಂದೇ ದರ ಹಾಕುತ್ತ ಬಂದಿವೆ. ಇಪ್ಪತ್ತು ಮೈಲಿ ಹೋದವನಿಗೂ ನಾನೂರು ಮೈಲಿ ಹೋದವನಿಗೂ ಅದೇ ಹಣ. ಆರಿಗನ್ ರಾಜ್ಯದ ಕ್ರಮ ಮೇಲು. ಅಲ್ಲಿ ಭಾರಿ ವಾಹನಗಳ ಮೈಲಿ ತೆರಿಗೆಯಲ್ಲಿ 80,000 ಪೌಂಡು ಮೀರಿದವಕ್ಕೆ, ಅದೇ ತೂಕವನ್ನು ಹೆಚ್ಚು ಆಕ್ಸಲ್ಲುಗಳ ಮೇಲೆ ಹೊತ್ತರೆ ದರ ಕಡಿಮೆ.

ಸ್ಕ್ಯಾಜಿಟ್ ನದಿಯ ಸೇತುವೆ

ಈಗ ಎತ್ತರಕ್ಕೆ ಬರೋಣ. ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್ ಬಳಿ ಸ್ಕ್ಯಾಜಿಟ್ ನದಿಗೆ 1955ರಲ್ಲಿ ಕಟ್ಟಿದ ಉಕ್ಕಿನ ಟ್ರಸ್ ಸೇತುವೆ ಇದೆ. ದಿನಕ್ಕೆ ಸುಮಾರು 71,000 ವಾಹನಗಳು ಅದರ ಮೇಲೆ ಹಾಯುತ್ತಿದ್ದವು. 2013ರ ಮೇ 23ರ ಸಂಜೆ, ಕೆನಡಾದ ಆಲ್ಬರ್ಟಾದಿಂದ ಬಂದ ಲಾರಿಯೊಂದು ಎತ್ತರದ ಸರಕನ್ನು ಹೊತ್ತು ದಕ್ಷಿಣಾಭಿಮುಖವಾಗಿ ಆ ಸೇತುವೆಯನ್ನು ಪ್ರವೇಶಿಸಿತು. ಸರಕಿನ ಮೇಲ್ಭಾಗ ತಲೆಯ ಮೇಲಿನ ಅಡ್ಡಪಟ್ಟಿಗಳಿಗೆ ಬಡಿಯಿತು. ಲಾರಿ ಆಚೆ ದಡ ಸೇರಿತು. ಅದರ ಹಿಂದೆ 160 ಅಡಿಯ ಒಂದು ಅಂಕಣ ನದಿಗೆ ಕುಸಿಯಿತು. ಎರಡು ವಾಹನಗಳು ನೀರಿಗೆ ಬಿದ್ದವು. ಅವುಗಳಲ್ಲಿದ್ದ ಮೂವರನ್ನು ರಕ್ಷಿಸಲಾಯಿತು, ಯಾರೂ ಸಾಯಲಿಲ್ಲ.

ಮೇಲಿನ ಪಟ್ಟಿಗೆ ಪೆಟ್ಟು ಬಿದ್ದರೆ ಇಡೀ ಅಂಕಣ ಕುಸಿಯುವುದೇಕೆ? ಒಂದು ಅಡಿಯ ಸ್ಟೀಲ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಬೆರಳಿನಿಂದ ಒತ್ತಿ. ಸ್ವಲ್ಪ ಬಲಕ್ಕೇ ಅದು ಪಕ್ಕಕ್ಕೆ ಬಾಗುತ್ತದೆ. ಗೆಳೆಯನೊಬ್ಬ ನಡುವನ್ನು ಎರಡು ಬೆರಳಲ್ಲಿ ಅಲುಗದಂತೆ ಹಿಡಿದರೆ ಸುಮಾರು ನಾಲ್ಕು ಪಟ್ಟು ಬಲ ಬೇಕು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಕೊಟ್ಟ ಫಲಿತಾಂಶವಿದು: ಒತ್ತಡಕ್ಕೆ ಸಿಲುಕಿದ ಕಂಬ ತಾಳಿಕೊಳ್ಳುವ ಬಲ, ಆಧಾರವಿಲ್ಲದ ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಟ್ರಸ್ಸಿನ ಮೇಲಿನ ತೊಲೆಗಳು ಸದಾ ಒತ್ತಡದಲ್ಲಿರುತ್ತವೆ. ಎಡಬಲದ ಟ್ರಸ್ಸುಗಳನ್ನು ಕೂಡಿಸುವ ಅಡ್ಡಪಟ್ಟಿಗಳೇ ಆ ಗೆಳೆಯನ ಬೆರಳುಗಳು. ಬೆರಳು ಸರಿದರೆ ತೊಲೆಯ ಶಕ್ತಿ ಆ ಕ್ಷಣವೇ ಇಳಿಯುತ್ತದೆ. ಸಾವಿರಾರು ಲಾರಿಗಳ ಭಾರವನ್ನು ಪ್ರತಿದಿನ ಹೊತ್ತ ಸೇತುವೆ ಬಿದ್ದದ್ದು ಭಾರದಿಂದಲ್ಲ.

ಪರವಾನಗಿ ಆ ಲಾರಿಯ ಬಳಿ ಇತ್ತು! ಅದರಲ್ಲಿ ಬರೆದ ಎತ್ತರ 15 ಅಡಿ 9 ಅಂಗುಲ. ಅಪಘಾತದ ನಂತರ ಅಳೆದಾಗ ಬಂದದ್ದು 15 ಅಡಿ 11 ಅಂಗುಲ. ಎರಡು ಅಂಗುಲ ಸುಳ್ಳು ಹೇಳಿದ ಲಾರಿಯದೇ ತಪ್ಪು ಎನ್ನುವವರಿದ್ದಾರೆ. ಅವರು ಸೇತುವೆಯ ಆಕಾರವನ್ನು ನೋಡಲಿ. ಅಡ್ಡಪಟ್ಟಿಗಳ ಕೆಳಗಿನ ಅಂಚು ಕಮಾನಿನಂತಿತ್ತು. ನಡುವೆ 17 ಅಡಿಗೂ ಹೆಚ್ಚು ತೆರಪು, ರಸ್ತೆಯ ಅಂಚಿನ ಮೇಲೆ 15 ಅಡಿಗೂ ಕಡಿಮೆ. ಬಲ ಪಥದ ಅಂಚಿಗೆ ಸರಿದಿದ್ದ ಲಾರಿ ಪರವಾನಗಿಯ ಅಂಕಿಗೆ ಕೂದಲೆಳೆಯಷ್ಟೂ ತಪ್ಪದಿದ್ದರೂ ಬಡಿಯುತ್ತಿತ್ತು. ಎಡ ಪಥದಲ್ಲಿದ್ದಿದ್ದರೆ ಎರಡು ಅಂಗುಲ ಹೆಚ್ಚಿದ್ದೂ ಪಾರಾಗುತ್ತಿತ್ತು. ಅಂದಮೇಲೆ ಇಲ್ಲಿ ಬೇಕಾಗಿದ್ದ ಮಾಹಿತಿ ಸರಕಿನ ಎತ್ತರವೊಂದೇ ಅಲ್ಲ. ಯಾವ ಪಥದ ಮೇಲೆ ಎಷ್ಟು ತೆರಪು ಎಂಬುದು.

ಆ ಮಾಹಿತಿ ಯಾರ ಬಳಿ ಇತ್ತು? ಸೇತುವೆಯ ಒಡೆಯನಾದ ರಾಜ್ಯದ ಬಳಿ. ಪರವಾನಗಿಯನ್ನು ಕೊಟ್ಟದ್ದೂ ಅದೇ ರಾಜ್ಯ. ಆದರೆ ಅರ್ಜಿದಾರ ತಾನೇ ಕಂಪ್ಯೂಟರಿನಲ್ಲಿ ವಿವರ ತುಂಬಿ ಪರವಾನಗಿ ಪಡೆಯುವ ಆ ವ್ಯವಸ್ಥೆಯಲ್ಲಿ, ಹೇಳಿದ ಎತ್ತರವನ್ನು ಮಾರ್ಗದ ಸೇತುವೆಗಳೊಂದಿಗೆ ಹೋಲಿಸಿ ನೋಡುವ ಹಂತವೇ ಇರಲಿಲ್ಲ. ಎತ್ತರದ ತೆರಪಿಗೆ ರಾಜ್ಯ ಖಾತರಿ ಕೊಡುವುದಿಲ್ಲ ಎಂಬ ಒಕ್ಕಣೆ ಮಾತ್ರ ಪರವಾನಗಿಯಲ್ಲಿತ್ತು. ಸೇತುವೆಯ ಬಳಿ ಎಚ್ಚರಿಕೆಯ ಫಲಕವೂ ಇರಲಿಲ್ಲ. ಉಳಿದದ್ದು ಮುಂದೆ ಸಾಗುವ ಬೆಂಗಾವಲು ವಾಹನ. ಅದರ ಮೇಲೆ ಸರಕಿಗಿಂತ ಕೆಲವು ಅಂಗುಲ ಎತ್ತರದ ಕೋಲು ನೆಟ್ಟಿರುತ್ತಾರೆ. ಕೋಲು ತಗುಲಿದರೆ ಹಿಂದಿನವರಿಗೆ ಸೂಚನೆ. ಆದರೆ ಬೆಂಗಾವಲಿನ ಚಾಲಕರು ಆ ಹೊತ್ತಿನಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದರು. ಲಾರಿ ಎಷ್ಟು ಸಮೀಪದಲ್ಲಿ ಹಿಂಬಾಲಿಸುತ್ತಿತ್ತೆಂದರೆ, ಸೂಚನೆ ಬಂದಿದ್ದರೂ ನಿಲ್ಲಿಸಲು ದೂರ ಸಾಲುತ್ತಿರಲಿಲ್ಲ.

2014ರಲ್ಲಿ ಬಂದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಚಾಲಕರನ್ನೂ ಸಾಗಣೆದಾರನನ್ನೂ ಬಿಡಲಿಲ್ಲ. ಆದರೆ ಪರವಾನಗಿಯ ಅರ್ಜಿಗಳನ್ನು ಸಾಕಷ್ಟು ಪರಿಶೀಲಿಸದಿರುವುದನ್ನೂ, ಯಾವ ಪಥ ಬಳಸಬೇಕೆಂಬ ಫಲಕವಿಲ್ಲದ್ದನ್ನೂ ಕಾರಣಗಳಲ್ಲಿ ಸೇರಿಸಿತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2015ರಲ್ಲಿ, ಪರವಾನಗಿ ಕೊಡುವ ಉತ್ತಮ ಕ್ರಮಗಳು ಯಾವುವೆಂದು ಸಂಶೋಧನೆ ನಡೆಸುವಂತೆ ಹೆದ್ದಾರಿ ಆಡಳಿತಕ್ಕೆ ಶಿಫಾರಸು ಮಾಡಿತು. 40 ವರ್ಷಗಳ ಹಿಂದೆಯೇ ಭಾರಕ್ಕೆ ಸೂತ್ರ ಬರೆದ ದೇಶಕ್ಕೆ ಈ ಶಿಫಾರಸು ಬೇಕಾಯಿತು ಎಂಬುದು ಸೋಜಿಗವಲ್ಲವೇ?

ಎತ್ತರದ ಅಂಕಿಯ ಮೇಲೆ ಭೌತವಿಜ್ಞಾನಿಯ ಇನ್ನೊಂದು ಆಕ್ಷೇಪವಿದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಉದ್ದವನ್ನು ಬರೆದು ಅದರ ಅನಿಶ್ಚಿತತೆಯನ್ನು ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ. '15 ಅಡಿ 9 ಅಂಗುಲ' ಎಂಬ ಪರವಾನಗಿಯ ಅಂಕಿಗೆ ಅನಿಶ್ಚಿತತೆ ಎಷ್ಟು? ಟೈರಿನ ಗಾಳಿ, ಸ್ಪ್ರಿಂಗುಗಳ ಕುಗ್ಗು, ಅಳೆದ ನೆಲದ ಸಮತೆ ಇವೆಲ್ಲ ಅಂಗುಲಗಳಲ್ಲಿ ವ್ಯತ್ಯಾಸ ತರುತ್ತವೆ. ಸೇತುವೆಯ ಕಡೆಯಿಂದ, ಡಾಂಬರಿನ ಹೊಸ ಪದರ ಹಾಕಿದಾಗಲೆಲ್ಲ ತೆರಪು ಅಷ್ಟು ಕುಗ್ಗುತ್ತದೆ. ರಸ್ತೆ ತಗ್ಗಿಗಿಳಿದು ಮೇಲೇರುವಲ್ಲಿ ತಲೆಯ ಮೇಲೆ ಸೇತುವೆಯಿದ್ದರಂತೂ ಉದ್ದನೆಯ ಟ್ರೈಲರು ತಗ್ಗಿನ ಮೇಲೆ ಹಲಗೆಯಂತೆ ನಿಲ್ಲುತ್ತದೆ. ಅದರ ನಡುಭಾಗ ರಸ್ತೆಯಿಂದ ಮೇಲೇಳುತ್ತದೆ. ಎಷ್ಟು? ಜ್ಯಾಮಿತಿಯ ಉತ್ತರ: ಚಕ್ರಗಳ ನಡುವಣ ಅಂತರದ ವರ್ಗ ÷ (8 × ವಕ್ರತೆಯ ತ್ರಿಜ್ಯ). ಅಂತರ 30 ಮೀಟರು, ತ್ರಿಜ್ಯ 1,500 ಮೀಟರು ಎಂದು ಊಹಿಸಿದರೆ 7.5 ಸೆಂಟಿಮೀಟರು, ಅಂದರೆ ಮೂರು ಅಂಗುಲ. ಸಮತಟ್ಟಾದ ಅಂಗಳದಲ್ಲಿ ಪ್ರಾಮಾಣಿಕವಾಗಿ ಅಳೆದ ಲಾರಿಯೂ ಇಲ್ಲಿ ಮೂರು ಅಂಗುಲ ಬೆಳೆದಿರುತ್ತದೆ. ಇದನ್ನು ಚಾಲಕ ಕಣ್ಣಳತೆಯಲ್ಲಿ ಕಂಡುಕೊಳ್ಳಲಾರ. ರಸ್ತೆಯ ನಕ್ಷೆ ಇರುವವರು ಮೇಜಿನ ಮುಂದೆ ಕುಳಿತು ಕಂಡುಕೊಳ್ಳಬಲ್ಲರು.

ಮಾರ್ಗವನ್ನು ತಾನೇ ಗೊತ್ತುಮಾಡಿ, ಆ ಮಾರ್ಗದಲ್ಲಿಯೇ ಹೋಗಬೇಕೆಂದು ವಿಧಿಸುವ ಟೆಕ್ಸಾಸಿನಂಥ ರಾಜ್ಯಗಳೂ ಇವೆ. ಅಲ್ಲಿಯೂ ಸರಕನ್ನು ಸರಿಯಾಗಿ ಅಳೆಯುವ ಹೊಣೆ ಸಾಗಣೆದಾರನದೇ, ಅದು ನ್ಯಾಯ. ತನ್ನ ಸರಕನ್ನು ಅವನು ಅಳೆಯಲಿ, ತನ್ನ ಸೇತುವೆಯನ್ನು ರಾಜ್ಯ ಅಳೆಯಲಿ. ಸ್ಕ್ಯಾಜಿಟ್ ದಾಟಲಿದ್ದ ಆ ಲಾರಿಯ ಪರವಾನಗಿಯಲ್ಲಿ 'ಈ ಸೇತುವೆಯನ್ನು ಎಡ ಪಥದಲ್ಲಿ ಮಾತ್ರ ದಾಟತಕ್ಕದ್ದು' ಎಂಬ ಒಂದು ಸಾಲು ಸಾಕಾಗಿತ್ತು.