ನೋಡದ ಕಣ್ಣು, ಬೆಳಗದ ಮಿದುಳು

ಮಿದುಳಿನ ಚಿತ್ರಗಳಿಗೆ ಈಗ ಒಂದು ವಿಚಿತ್ರ ಗೌರವ ಪ್ರಾಪ್ತವಾಗಿದೆ. ಬೂದು ಬಣ್ಣದ ತಲೆಯೊಳಗೆ ನಾಲ್ಕು ಕೆಂಪು, ಹಳದಿ ಚುಕ್ಕೆ ತೋರಿಸಿ 'ನೋಡಿ, ಇಲ್ಲಿದೆ' ಎಂದರೆ ಸಾಕು, ಯಾರೂ ಮರುಮಾತಾಡುವುದಿಲ್ಲ. ಆದರೆ ಅದು ಫೋಟೋ ಅಲ್ಲ. ಎಫ್‌ಎಂಆರ್‌ಐ ಯಂತ್ರ ಹಿಡಿಯುವುದು ಆಲೋಚನೆಯನ್ನಲ್ಲ, ಮಿದುಳಿನ ಯಾವ ಭಾಗಕ್ಕೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯಿತು ಎಂಬುದನ್ನು. ಹಲವರ ಲೆಕ್ಕ ಸೇರಿಸಿ, ವ್ಯತ್ಯಾಸ ಎಷ್ಟು ಮೀರಿದರೆ ಬಣ್ಣ ಹಚ್ಚಬೇಕೆಂದು ತೀರ್ಮಾನಿಸುವವರು ಸಂಶೋಧಕರು. ಅಂದಮೇಲೆ ಈ ಚಿತ್ರವನ್ನೂ ಓದಬೇಕು, ಮತ್ತು ಓದಿನಲ್ಲಿ ಎಡವುವ ಸಾಧ್ಯತೆ ಇದ್ದೇ ಇದೆ. ಆಟಿಸಂ ವಿಷಯದಲ್ಲಿ ಹಾಗೆಯೇ ಆಯಿತು.

2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಶುಲ್ಟ್ಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಆಟಿಸಂ ಅಥವಾ ಆಸ್ಪರ್ಜರ್ ಲಕ್ಷಣಗಳಿದ್ದ 14 ಮಂದಿಗೆ ಯಂತ್ರದೊಳಗೆ ಮನುಷ್ಯರ ಮುಖಗಳನ್ನು ತೋರಿಸಲಾಯಿತು. ಮಿದುಳಿನ ತಳಭಾಗದಲ್ಲಿ 'ಫ್ಯೂಸಿಫಾರ್ಮ್' ಎಂಬ ಮಡಿಕೆಯಿದೆ. ಅದರ ಒಂದು ಭಾಗ ಮುಖಗಳನ್ನು ನೋಡಲು ಮೀಸಲಾದದ್ದೆಂದು 1997ರಲ್ಲಿ ನ್ಯಾನ್ಸಿ ಕಾನ್ವಿಷರ್ ತಂಡ ವಾದಿಸಿತ್ತು. ಈ 14 ಮಂದಿಯಲ್ಲಿ ಆ ಜಾಗ ಮಂಕಾಗಿತ್ತು. ಬದಲಿಗೆ, ಉಳಿದವರಲ್ಲಿ ವಸ್ತುಗಳನ್ನು ನೋಡುವಾಗ ಚುರುಕಾಗುವ ಪಕ್ಕದ ಭಾಗ ಹೆಚ್ಚು ಕೆಲಸ ಮಾಡುತ್ತಿತ್ತು. ಇವರಿಗೆ ಮನುಷ್ಯನ ಮುಖವೂ ಒಂದು ಸಾಮಾನಿನ ಹಾಗೆ ಎಂಬ ಅರ್ಥ ಹೊರಡುವುದಕ್ಕೆ ಎಷ್ಟು ಹೊತ್ತು ಬೇಕು? ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ಅವರು 1995ರ ತಮ್ಮ ಪುಸ್ತಕದಲ್ಲಿ 'ಮನೋಕುರುಡು' ಎಂಬರ್ಥದ ಪದವನ್ನು ಆಗಲೇ ಚಲಾವಣೆಗೆ ತಂದಿದ್ದರು. ಪದ ಸಿದ್ಧವಿತ್ತು, ಈಗ ಚಿತ್ರವೂ ಸಿಕ್ಕಿತು.

ಒಂದು ಸರಳ ಪ್ರಶ್ನೆ ಉಳಿದಿತ್ತು. ಯಂತ್ರದೊಳಗೆ ಮಲಗಿದವರು ಮುಖದ ಯಾವ ಭಾಗವನ್ನು ನೋಡುತ್ತಿದ್ದರು? 2004ರಲ್ಲಿ ನುಶೀನ್ ಹಾಜಿಖಾನಿ ಮತ್ತು ಸಂಗಡಿಗರು ಮುಖದ ಚಿತ್ರದ ನಡುವೆ ಒಂದು ಸಣ್ಣ ಗುರುತು ಇಟ್ಟು, ಅಲ್ಲೇ ದೃಷ್ಟಿ ನಿಲ್ಲಿಸಲು ಹೇಳಿದರು. ಮಂಕಾಗಿದೆ ಎಂದುಕೊಂಡ ಜಾಗ ಆಟಿಸಂ ಇದ್ದವರಲ್ಲೂ ಬೆಳಗಿತು. ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಕಿಮ್ ಡಾಲ್ಟನ್ ತಂಡ ಯಂತ್ರದೊಳಗೇ ಕಣ್ಣಿನ ಚಲನೆಯನ್ನು ಅಳೆಯಿತು. ಆಟಿಸಂ ಇದ್ದವರಲ್ಲಿ ಎದುರಿನ ಮುಖದ ಕಣ್ಣುಗಳನ್ನು ಹೆಚ್ಚು ಹೊತ್ತು ನೋಡಿದವರಿಗೆ ಫ್ಯೂಸಿಫಾರ್ಮ್ ಹೆಚ್ಚು ಚುರುಕಾಗಿತ್ತು. ಜೊತೆಗೆ ಭಯ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಕೂಡ. ಕಣ್ಣಿಗೆ ಕಣ್ಣು ಕೊಡುವುದು ಇವರಿಗೆ ಅತಿಯಾದ ತಳಮಳ ತರುತ್ತಿರಬಹುದು, ಅದಕ್ಕೇ ತಪ್ಪಿಸುತ್ತಾರೆ ಎಂಬುದು ಆ ತಂಡದ ಊಹೆ. ಏನೂ ಅನ್ನಿಸದವರು ಎಂದುಕೊಂಡವರಿಗೆ ಅನ್ನಿಸುವುದೇ ವಿಪರೀತವಾಗಿತ್ತೇನೋ! ಚರ್ಚೆ ಮುಗಿದಿಲ್ಲ, ನಿಜ. ಆದರೆ 'ಆಗದು' ಮತ್ತು 'ನೋಡಲಿಲ್ಲ' ಎಂಬ ಎರಡು ಬೇರೆ ಸಂಗತಿಗಳಿಗೆ ಯಂತ್ರ ಒಂದೇ ಮಂಕು ಚಿತ್ರ ಕೊಡಬಲ್ಲದು ಎಂಬುದಂತೂ ಸ್ಪಷ್ಟವಾಯಿತು.

ನಮ್ಮ ಮನೆಗಳಲ್ಲಿ ಹಿರಿಯರೆದುರು ನಜರ್ ತಗ್ಗಿಸುವುದೇ ಅದಬ್. ಅದೂ ಆಟಿಸಂ ಇರುವ ಹುಡುಗ ಕಣ್ಣು ತಪ್ಪಿಸುವುದೂ ಒಂದೇ ಅಲ್ಲ. ಆದರೆ ತಗ್ಗಿದ ಕಣ್ಣಿನ ಹಿಂದೆ ಏನೂ ಇಲ್ಲ ಎಂದು ಬರೆಯುವ ಕತೆಗಾರನನ್ನು ಯಾರೂ ನಂಬುವುದಿಲ್ಲ.

ಶುಲ್ಟ್ಸ್ ಅವರ ತಂಡವೇ 2005ರಲ್ಲಿ ಇನ್ನೊಂದು ಸಂಗತಿ ವರದಿ ಮಾಡಿತು. ಆಟಿಸಂ ಇದ್ದ ಒಬ್ಬ ಹುಡುಗನಿಗೆ ಡಿಜಿಮಾನ್ ಎಂಬ ಜಪಾನಿ ಕಾರ್ಟೂನಿನ ಹುಚ್ಚು. ಮನುಷ್ಯರ ಮುಖಕ್ಕೆ ಮಿಡಿಯದ ಅವನ ಫ್ಯೂಸಿಫಾರ್ಮ್ ಮತ್ತು ಅಮಿಗ್ಡಲಾ ಡಿಜಿಮಾನ್ ಪಾತ್ರಗಳನ್ನು ಕಂಡಾಗ ಮಿಡಿದವು. ಒಬ್ಬನೇ ಹುಡುಗ, ಹೆಚ್ಚು ಹೇಳಲಾಗದು. ಆದರೂ ನೂರು ಜನರ ಸರಾಸರಿಗಿಂತ ನನಗೆ ಈ ಹುಡುಗನೇ ಹೆಚ್ಚು ಹತ್ತಿರದವನೆನಿಸುತ್ತಾನೆ.

ವಿಜ್ಞಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಪ್ಪು ಓದನ್ನು ತಿದ್ದಿದವರೂ ವಿಜ್ಞಾನಿಗಳೇ. ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣ ಎಂಬ ಕ್ರೂರ ಮಾತೊಂದಿತ್ತು. ಬ್ರೂನೋ ಬೆಟ್ಟೆಲ್‌ಹೈಮ್ 1967ರಲ್ಲೂ ಹೆತ್ತವರನ್ನು ದೂರುವ ಪುಸ್ತಕ ಬರೆದರು. ಆ ಕಟಕಟೆಯಿಂದ ತಾಯಂದಿರನ್ನು ಇಳಿಸಿದ್ದು ಮಿದುಳಿನ ಕಡೆ ಬೆರಳು ತೋರಿದ ಬರ್ನಾರ್ಡ್ ರಿಮ್‌ಲ್ಯಾಂಡ್‌ರಂಥವರು. ಆ ಋಣ ದೊಡ್ಡದು. ಆದರೆ ತಾಯಿಯ ಮೇಲಿನ ಆರೋಪಪಟ್ಟಿಯನ್ನು ಮಗುವಿನ ತಲೆಗೆ ವರ್ಗಾಯಿಸುವುದು ನ್ಯಾಯವೇ?

ಇನ್ನೊಂದು ಮಾತು. ಈ ಯಂತ್ರದಲ್ಲಿ ಕಿವಿಗಡಚಿಕ್ಕುವ ಸದ್ದು, ತಲೆ ಅಲುಗಿಸುವಂತಿಲ್ಲ. ತಲೆಯ ಅತಿ ಸಣ್ಣ ಅಲುಗಾಟವೂ ಮಿದುಳಿನ ಭಾಗಗಳ ನಡುವಿನ ಸಂಪರ್ಕದ ಲೆಕ್ಕವನ್ನು ಕೆಡಿಸಬಲ್ಲದೆಂದು 2012ರಲ್ಲಿ ಜೊನಾಥನ್ ಪವರ್ ತಂಡ ತೋರಿಸಿತು. ಹಾಗಾಗಿ ಅಲ್ಲಿ ಮಲಗಬಲ್ಲವರು ಹೆಚ್ಚಾಗಿ ಮಾತು ಬಲ್ಲವರು, ಹೇಳಿದಂತೆ ಕೇಳಬಲ್ಲವರು. ಸದ್ದಿಗೆ ಕಿವಿ ಮುಚ್ಚಿ ಓಡುವ, ಮಾತೇ ಬಾರದ ಮಗು ಈ ಚಿತ್ರಗಳಲ್ಲಿ ಬಹುತೇಕ ಇಲ್ಲ. ತೀರ್ಪು ಮಾತ್ರ ಅದಕ್ಕೂ ಅನ್ವಯವಾಗುತ್ತದೆ.

ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆಯಲ್ಲವೇ? 2016ರಲ್ಲಿ ಎಲಿಜಬೆತ್ ಶೆಪರ್ಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ವಿಡಿಯೋದಲ್ಲಿನ ವ್ಯಕ್ತಿಯ ಪ್ರತಿಕ್ರಿಯೆಯನ್ನಷ್ಟೇ ನೋಡಿ, ಆತನಿಗೆ ಏನು ಎದುರಾಗಿತ್ತೆಂದು ಊಹಿಸಬೇಕಿತ್ತು. ಆಟಿಸಂ ಇದ್ದವರ ಮುಖ ಬಂದಾಗ, ಆಟಿಸಂ ಇಲ್ಲದ ನೋಡುಗರು ಹೆಚ್ಚು ತಪ್ಪಿದರು. ಅವರನ್ನು ಯಾರೂ ಮನೋಕುರುಡರು ಎನ್ನಲಿಲ್ಲ.