ಬೀಳುವ ವಸ್ತುವಿನ ತೂಕ: ಆನಿಮೇಷನ್ ಕಲೆಯ ಒಂದು ಸೂತ್ರದ ವಿಮರ್ಶೆ

ಕಂಪ್ಯೂಟರ್ ಆನಿಮೇಷನ್ ಕಲಿಯುವವರಿಗೆ ಮೊದಲು ಕೊಡುವ ಅಭ್ಯಾಸವೆಂದರೆ ಚೆಂಡೊಂದು ಬಿದ್ದು ಪುಟಿಯುವುದನ್ನು ತೋರಿಸುವುದು. ವೇಗದಲ್ಲಿ ಚೆಂಡು ನೀಳವಾಗಬೇಕು, ನೆಲಕ್ಕೆ ತಾಗಿದಾಗ ಚಪ್ಪಟೆಯಾಗಬೇಕು ಎಂಬ ಸೂತ್ರವೂ ಅದರೊಡನೆಯೇ ಬರುತ್ತದೆ. ಡಿಸ್ನಿ ಸಂಸ್ಥೆಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಅವರು 1981ರಲ್ಲಿ ನಿರೂಪಿಸಿದ ಹನ್ನೆರಡು ತತ್ತ್ವಗಳಲ್ಲಿ ಇದೇ ಮೊದಲನೆಯದು. ಇತಿಹಾಸವನ್ನು ಚಿತ್ರಿಸಹೊರಟವರು ಇದನ್ನು ಎಲ್ಲ ವಸ್ತುಗಳಿಗೂ ಅನ್ವಯಿಸಬಹುದೇ ಎಂಬುದನ್ನು ನಾವು ಇಲ್ಲಿ ವಿಚಾರಿಸಬೇಕಾಗಿದೆ.

ಗಾಳಿಯ ತಡೆಯನ್ನು ಬಿಟ್ಟರೆ, ಚೆಂಡಾಗಲಿ ಕಲ್ಲಾಗಲಿ ಬೀಳಲು ಹಿಡಿಯುವ ಕಾಲ ಒಂದೇ. ಸೆಕೆಂಡಿಗೆ 24 ಚಿತ್ರಗಳಂತೆ ಎಣಿಸಿದರೆ, 1.2 ಮೀಟರ್ ಎತ್ತರದಿಂದ ಬೀಳುವ ವಸ್ತುವಿಗೆ ಸುಮಾರು 12 ಚಿತ್ರಗಳು ಬೇಕು. 30 ಸೆಂಟಿಮೀಟರಿಗೆ 6 ಸಾಕು. ಎತ್ತರ ಕಾಲುಭಾಗವಾದಾಗ ಕಾಲ ಅರ್ಧವಾಗುತ್ತದೆ. ಪುಟಿತದ ಎತ್ತರವನ್ನು ತಗ್ಗಿಸಿ ಚಿತ್ರಗಳ ಸಂಖ್ಯೆಯನ್ನು ಹಾಗೆಯೇ ಉಳಿಸಿದರೆ ವಸ್ತು ತೇಲಿದಂತೆ ತೋರುವುದು. ಆದಿ ಅಂತ್ಯಗಳನ್ನು ಕೊಟ್ಟರೆ ಕಂಪ್ಯೂಟರು ನಡುವಣ ಚಿತ್ರಗಳನ್ನು ತುಂಬಬಲ್ಲುದು. ನೆಲದ ಕಾಠಿಣ್ಯವನ್ನು ಅರಿಯದು.

ವಸ್ತುವಿನ ಗುಣ ಪ್ರಕಟವಾಗುವುದು ನೆಲಕ್ಕೆ ತಾಗಿದ ಮೇಲೆ. ರಬ್ಬರು ಚೆಂಡು ಮತ್ತೆ ಮತ್ತೆ ಏಳುತ್ತದೆ. ಜೋಗಿಮಟ್ಟಿಯ ಇಳಿಜಾರಿನ ಮಣ್ಣಿಗೆ ಬಿದ್ದ ಬಂಡೆ ಅಷ್ಟಾಗಿ ಪುಟಿಯದು, ಚಪ್ಪಟೆಯಂತೂ ಆಗದು. ಜಾನ್ ಲ್ಯಾಸೆಟರ್ ಅವರು 1987ರ ತಮ್ಮ ಪ್ರಬಂಧದಲ್ಲಿ ಈ ಭೇದವನ್ನು ಒಪ್ಪಿದ್ದಾರೆ. 1986ರ ‘ಲಕ್ಸೊ ಜೂನಿಯರ್’ ಚಿತ್ರದ ದೀಪವು ಲೋಹದ್ದು. ಕೀಲುಗಳಲ್ಲಿ ಮಡಿಸಿಕೊಂಡು ಕುಗ್ಗುವುದೇ ಹೊರತು ಅದರ ಲೋಹ ಹಿಗ್ಗದು. ಸೂತ್ರವನ್ನು ಬಳಸಿದವರೇ ಅದರ ಮೇರೆಯನ್ನು ಗುರುತಿಸಿರುವಾಗ, ಅದನ್ನು ನಿಯಮವೆಂದು ಬೋಧಿಸುವುದು ಯುಕ್ತವಲ್ಲ.

ಈ ವಿಚಾರ ಕೇವಲ ತಾಂತ್ರಿಕವಾದುದಲ್ಲ. ಹೈದರಾಲಿಯು 1779ರಲ್ಲಿ ಚಿತ್ರದುರ್ಗವನ್ನು ಗೆದ್ದುದು ಇತಿಹಾಸ. ಕೋಟೆಯ ಕಿಂಡಿಯಲ್ಲಿ ನುಸುಳಿದ ಅವನ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದು ಕೊಂದಳೆಂಬುದು ಜನ ಉಳಿಸಿಕೊಂಡು ಬಂದ ಕಥೆ. ಇದನ್ನು ಮಕ್ಕಳಿಗಾಗಿ ಚಿತ್ರಿಸುವವನು ಒನಕೆಯನ್ನು ರಬ್ಬರಿನಂತೆ ಬಾಗಿಸಿದರೆ ನೋಡುವವರು ನಗುವರು. ಕಿಂಡಿಯಲ್ಲಿ ಸತ್ತವರೂ ಮರುಕ್ಷಣ ಎದ್ದುಬರುವ ಬೊಂಬೆಗಳಾಗುವರು. ಒನಕೆಗೆ ತೂಕವಿಲ್ಲದೆಡೆ ಅದನ್ನೆತ್ತಿದ ತೋಳಿನ ಶ್ರಮ ಕಾಣದು. ಶ್ರಮ ಕಾಣದೆಡೆ ಸಾಹಸವೂ ನಂಬಿಕೆಗೆ ನಿಲುಕದು.

ಅತಿಶಯೋಕ್ತಿಯನ್ನು ನಾವು ನಿಷೇಧಿಸುವುದಿಲ್ಲ. ವಿನೋದದ ಕಥೆಗೆ ಅದು ಭೂಷಣವೇ. ಆದರೆ ಮೊದಲ ಪಾಠದಲ್ಲಿ ಚೆಂಡಿನ ಜೊತೆಗೆ ಒಂದು ಕಲ್ಲನ್ನೂ ಒಂದು ಒನಕೆಯನ್ನೂ ಬೀಳಿಸಿ ನೋಡುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.