ಗಿಡವನ್ನಲ್ಲ, ಸಂಘವನ್ನು ನೋಡಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯ ಅಡಿಕೆ ತೋಟ ನೋಡಿ ಬಂದ, ಅದೇ ಜಿಲ್ಲೆಯ ಒಣ ಸೀಮೆ ಜಗಳೂರಿನವರ ಬಾಯಲ್ಲಿ ಒಂದೇ ಮಾತು: ‘ನಮಗೂ ನೀರು ಕೊಡಲಿ, ನಾವೂ ಅಡಿಕೆ ಹಾಕ್ತೀವಿ.’ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಹೆಸರಲ್ಲಿ ಮತ ಕೇಳುವವರ ಭಾಷಣವೂ ಇದೇ. ನೀರು ಬೇಕು, ಎರಡು ಮಾತಿಲ್ಲ. ಆದರೆ ನೀರು ಬಂದರೆ ಅಡಿಕೆ, ಅಡಿಕೆ ಬಂದರೆ ಏಳಿಗೆ ಎಂಬ ಲೆಕ್ಕ ಚನ್ನಗಿರಿಯಲ್ಲೇ ತಾಳೆಯಾಗುವುದಿಲ್ಲ.

ಸೂಳೆಕೆರೆ, ಭದ್ರಾ ನಾಲೆ, ತೋಟ ಮೂರೂ ಇದ್ದ ಚನ್ನಗಿರಿಯನ್ನು 2002ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಆಮೇಲೆ ತೋಟ ಹಬ್ಬಿತು, ಮನೆಗಳೆದ್ದವು, ಮಕ್ಕಳು ಓದಿದರು, ನಿಜ. ಆದರೆ ಅದು ತೋಟವಿದ್ದವರ ಕಥೆ. ಗದ್ದೆ ತೋಟವಾದಾಗ ನಾಟಿ ಹೋಯಿತು, ಕಳೆ ಕೀಳುವುದು ಹೋಯಿತು. ಹೆಂಗಸರ ಕೈಗೆ ಉಳಿದದ್ದು ಅಡಿಕೆ ಸುಲಿಯುವ ಕೆಲಸ, ಅದಕ್ಕೂ ಈಗ ಯಂತ್ರ ಬಂದಿದೆ. ಇದೇ ಜಿಲ್ಲೆಯ ನ್ಯಾಮತಿಯ ಸುತ್ತಿನ ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯುವುದಕ್ಕೆ ಗುಳೆ ಹೋಗುವುದು ನಿಂತಿಲ್ಲ. ಮಳೆ ಕೈಕೊಟ್ಟ ವರ್ಷ ತೋಟದವರೂ ಟ್ಯಾಂಕರ್ ನೀರಿಗೆ ಸಾಲ ಮಾಡಿದ್ದಾರೆ.

ಹಾಗಾದರೆ ರೈತ ದಡ್ಡನೇ? ಅಲ್ಲ. ಮೆಕ್ಕೆಜೋಳ ನೆಚ್ಚಿದವರ ಪಾಡು ಅವನು ಕಂಡಿದ್ದಾನೆ. 2018ರಲ್ಲಿ ಆ ಬೆಳೆಯನ್ನು ಸೈನಿಕ ಹುಳು ಮೇಯ್ದುಹೋಯಿತು. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದಿದ್ದರೂ ಮಾರುಕಟ್ಟೆಯಲ್ಲಿ ಅದು ಸಿಗದೆ ರೈತರು ಬೀದಿಗಿಳಿದರು. ಒಕ್ಕಣೆ ಮುಗಿದ ವಾರವೇ ಕೇಳಿದ ಬೆಲೆಗೆ ಕೊಡಬೇಕಾದ ಬೆಳೆ ಅದು. ಅಡಿಕೆ ಹಾಗಲ್ಲ: ಒಣಗಿಸಿ ಮೂಟೆ ಕಟ್ಟಿಟ್ಟರೆ ಕಾಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದರ ಬೆನ್ನಿಗೆ ಚನ್ನಗಿರಿಯ ತುಮ್ಕೋಸ್‌ನಂಥ ಅಡಿಕೆ ಬೆಳೆಗಾರರ ಸಹಕಾರ ಸಂಘವಿದೆ. ಮಾಲು ಇಡಲು ಜಾಗ, ತೂಕದಲ್ಲಿ ನಂಬಿಕೆ, ಅಡಮಾನದ ಮೇಲೆ ಸಾಲ. ಅಡಿಕೆಯ ಗೆಲುವು ಎಂದು ನಾವು ಕರೆಯುತ್ತಿರುವುದರಲ್ಲಿ ಅರ್ಧ ಈ ಸಂಘದ ಗೆಲುವು.

ನಕಲು ಮಾಡಬೇಕಾದ್ದು ಇದನ್ನು. ಹೊನ್ನಾಳಿಯ ಭತ್ತಕ್ಕೆ, ಜಗಳೂರಿನ ಶೇಂಗಾ, ರಾಗಿ, ಮೆಕ್ಕೆಜೋಳಕ್ಕೆ, ಕುರಿಗೆ ಅಂಥ ಸಂಘ ಯಾಕಿಲ್ಲ? ಎಣ್ಣೆ ಗಾಣ, ಮೇವಿನ ಕಾರ್ಖಾನೆ ಹೋಬಳಿಯಲ್ಲೇ ಇದ್ದರೆ ಜಮೀನಿಲ್ಲದವರಿಗೂ ವರ್ಷವಿಡೀ ಕೂಲಿಯಿರುತ್ತದೆ. ಒಂದೇ ಕಸುಬು ನೆಚ್ಚಿದರೆ ಏನಾಗುತ್ತದೆಂದು ಜಿಲ್ಲಾ ಕೇಂದ್ರವನ್ನೇ ಕೇಳಬಹುದು: ಹತ್ತಿ ಮಿಲ್ಲುಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಗೆ ಮಿಲ್ಲುಗಳು ಮುಚ್ಚಿದ ಮೇಲೆ ಉಳಿದದ್ದು ಆ ಹೆಸರು.

ಜಗಳೂರಿನ ಕೆರೆಗಳಿಗೆ ನೀರು ಬರಲಿ. ಆದರೆ ಅಡಿಕೆ ಸಸಿ ತರುವ ಲಾರಿಗಿಂತ ಮೊದಲು ಅಲ್ಲೊಂದು ಗೋದಾಮು ಏಳಲಿ. ಆಗ ಏನು ಬೆಳೆಯಬೇಕೆಂದು ರೈತನೇ ಆರಿಸುತ್ತಾನೆ. ಈಗ ಅವನಿಗೆ ಆರಿಸಲು ಇರುವುದೇ ಒಂದು.